ಕಿಟಕಿ ಬದಲಿಸುವ ಮುನ್ನ ಮಾಡಿನ ಅಂಚು ನೋಡಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಎದ್ದ ತಾರಸಿ ಮನೆಗಳಿಗೆ ಈಗ ದುರಸ್ತಿಯ ವಯಸ್ಸು. ಮುರಕಲ್ಲಿನ ಗೋಡೆ ಗಟ್ಟಿಯಾಗಿಯೇ ಇದೆ. ಸೋರುವ ತಾರಸಿಯ ಮೇಲೆ ಶೀಟಿನ ಮಾಡು ಬಂದಿದೆ. ಹಳೆಯ ನೆಲ ಹೋಗಿ ಟೈಲ್ಸ್ ಬಂದಿದೆ. ಉಳಿದಿರುವುದು ಕಿಟಕಿ. ಆಟಿ ತಿಂಗಳಲ್ಲಿ ಅದರ ಬಾಗಿಲು ಉಬ್ಬಿ ಹಾಕಲು ಬಾರದು, ಮಾರ್ಚಿಯಲ್ಲಿ ಒಣಗಿ ಸಂದು ಬಿಡುತ್ತದೆ, ಕೆಳಗಿನ ಅಡ್ಡಪಟ್ಟಿ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ, ದಾರಂದದ ಹಿಂಬದಿಯಿಂದ ಒರಲೆಯ ಮಣ್ಣಿನ ಗೆರೆ ಮೇಲೇರುತ್ತದೆ. ಆಗ ಮನೆಯವರ ಮುಂದೆ ಎರಡು ಸಲಹೆಗಳು ಬರುತ್ತವೆ. ಹಲಸೋ ತೇಗವೋ ತಂದು ಹೊಸದು ಮಾಡೋಣ ಎನ್ನುತ್ತಾರೆ ಆಚಾರಿಗಳು. ಎಲ್ಲವನ್ನೂ ಕಿತ್ತು ಬಿಳಿ ಯುಪಿವಿಸಿ ಹಾಕಿಸಿ, ಮತ್ತೆ ತಲೆಬಿಸಿ ಇಲ್ಲ ಎನ್ನುತ್ತಾರೆ ಪೇಟೆಯ ಅಂಗಡಿಯವರು. ಎರಡೂ ಸಲಹೆಗಳು ವಸ್ತುವಿನಿಂದ ಶುರುವಾಗುತ್ತವೆ. ಆದರೆ ಈ ಮೂರು ತಾಲೂಕುಗಳಲ್ಲಿ ಕಿಟಕಿಯ ಆಯುಸ್ಸನ್ನು ಮೊದಲು ತೀರ್ಮಾನಿಸುವುದು ಅದರ ಮೇಲೆ ಬೀಳುವ ನೀರು. ವಸ್ತು ಎರಡನೆಯ ಪ್ರಶ್ನೆ. ನೀರಿನ ಲೆಕ್ಕವನ್ನು ಸರಿಯಾಗಿ ಹಾಕಿದರೆ ಹೆಚ್ಚಿನ ಕಿಟಕಿಗಳಿಗೆ ಮರವೇ ಸಾಕೆಂದೂ ಕೆಲವಕ್ಕೆ ಯುಪಿವಿಸಿಯೇ ಬೇಕೆಂದೂ ಬಹಳಷ್ಟು ದಾರಂದಗಳನ್ನು ಕೀಳುವ ಅಗತ್ಯವೇ ಇಲ್ಲವೆಂದೂ ಕಾಣುತ್ತದೆ.

ಮರವೋ ಪ್ಲಾಸ್ಟಿಕ್ಕೋ ಎಂಬ ಚರ್ಚೆ ಹುಟ್ಟಿದ್ದು ಚಳಿಯ ದೇಶಗಳಲ್ಲಿ. 1950ರ ದಶಕದಲ್ಲಿ ಜರ್ಮನಿಯಲ್ಲಿ ಪಿವಿಸಿ ಚೌಕಟ್ಟಿನ ಕಿಟಕಿಗಳು ಬಂದವು. 1973ರ ತೈಲ ಬಿಕ್ಕಟ್ಟಿನ ಬಳಿಕ ಮನೆ ಬಿಸಿಮಾಡುವ ಖರ್ಚು ಏರಿದಾಗ ಅವು ಯುರೋಪಿನಲ್ಲಿ ಮನೆಮಾತಾದವು. ಅಲ್ಲಿ ಕಿಟಕಿಯ ಮುಖ್ಯ ಕೆಲಸ ಒಳಗಿನ ಬಿಸಿಯನ್ನು ಹೊರಗೆ ಬಿಡದಿರುವುದು. ಆ ದೃಷ್ಟಿಯಿಂದಲೂ ಮರಕ್ಕೂ ಪಿವಿಸಿಗೂ ದೊಡ್ಡ ಅಂತರವಿಲ್ಲ. ಎರಡೂ ಶಾಖವನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಬಹಳ ನಿಧಾನವಾಗಿ ದಾಟಿಸುತ್ತವೆ. ಅಲ್ಯೂಮಿನಿಯಂ ಇವೆರಡಕ್ಕಿಂತ ಸಾವಿರ ಪಟ್ಟು ವೇಗವಾಗಿ ದಾಟಿಸುತ್ತದೆ. ನಮ್ಮಲ್ಲಿ ಕಿಟಕಿಗಳು ವರ್ಷದ ಹೆಚ್ಚಿನ ದಿನ ತೆರೆದೇ ಇರುತ್ತವೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕರೆಂಟು ಹೋದರೆ ಗಾಳಿಗೆ ಕಿಟಕಿಯೊಂದೇ ದಾರಿ. ಮಳೆಗಾಲದಲ್ಲಿ ಮುಚ್ಚಿಯೇ ಇಟ್ಟರೆ ಗೋಡೆಗೂ ಬಟ್ಟೆಗೂ ಬೂಸ್ಟು. ಹವಾನಿಯಂತ್ರಣ ಹಾಕಿಸಿದ ಒಂದೆರಡು ಕೋಣೆ ಬಿಟ್ಟರೆ ಶಾಖ ಉಳಿತಾಯದ ಮಾತು ಇಲ್ಲಿ ಹೆಚ್ಚು ಅನ್ವಯಿಸದು. ಕಡಲತಡಿಯಲ್ಲಿ ಉಪ್ಪುಗಾಳಿ ಲೋಹವನ್ನು ತಿನ್ನುವ ಸಮಸ್ಯೆಯೂ ಮಂಗಳೂರಿನಿಂದ ಐವತ್ತು ಕಿಲೋಮೀಟರ್ ಒಳಗಿರುವ ಪುತ್ತೂರಿಗೆ ಅಷ್ಟಾಗಿ ತಟ್ಟದು. ಇಲ್ಲಿ ಉಳಿಯುವ ಪ್ರಶ್ನೆ ಮಳೆಯದು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಸುಬ್ರಹ್ಮಣ್ಯದಂಥ ಘಟ್ಟದ ಬುಡದಲ್ಲಿ ಇನ್ನೂ ಹೆಚ್ಚು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಬರ್ಲಿನ್ನಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರ್‌ಗೂ ಕಡಿಮೆ. ನಮ್ಮ ಜುಲೈ ತಿಂಗಳ ಅರ್ಧದಲ್ಲಿ ಅಷ್ಟು ಸುರಿದುಹೋಗುತ್ತದೆ.

ಇಷ್ಟು ಮಳೆಯ ನಡುವೆ ನೂರು ವರ್ಷ ದಾಟಿದ ಮರದ ಕಿಟಕಿಗಳು ಹಳೆಯ ಮನೆಗಳಲ್ಲಿ ಇಂದಿಗೂ ಇವೆ. ಅವುಗಳ ಗುಟ್ಟು ಮರದ ಜಾತಿಯಲ್ಲಿ ಅರ್ಧ, ಮಾಡಿನಲ್ಲಿ ಅರ್ಧ. ಮುಳಿಹುಲ್ಲಿನ ಮಾಡಿನ ಕಾಲದಲ್ಲಿಯೂ, 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಹಂಚು ಹಬ್ಬಿದ ಕಾಲದಲ್ಲಿಯೂ, ಸೂರು ಗೋಡೆಯಿಂದ ಮೂರು ನಾಲ್ಕು ಅಡಿ ಮುಂದಕ್ಕೆ ಇಳಿಯುತ್ತಿತ್ತು. ಕಿಟಕಿ ಸಣ್ಣದು, ಗಾಜಿಲ್ಲ, ಮರದ ದಳಿಯೋ ಕಬ್ಬಿಣದ ಸರಳೋ ಇರುತ್ತಿತ್ತು. ಜಗಲಿಯ ಬದಿಗೆ ಮಳೆಗಾಲಕ್ಕೆಂದೇ ಮಡಲಿನ ತಟ್ಟಿ ಕಟ್ಟುತ್ತಿದ್ದರು. ತಾರಸಿ ಮನೆ ಬಂದಾಗ ಈ ಏರ್ಪಾಡು ಹೋಯಿತು. ಕಿಟಕಿ ದೊಡ್ಡದಾಯಿತು, ಅದರ ಮೇಲೆ ಒಂದೂವರೆ ಅಡಿಯ ಸಜ್ಜ ಮಾತ್ರ ಉಳಿಯಿತು. ಗಾಳಿಮಳೆ ನಲವತ್ತೈದು ಡಿಗ್ರಿ ಓರೆಯಾಗಿ ಬಂದರೆ ಒಂದೂವರೆ ಅಡಿಯ ಸಜ್ಜ ಕಿಟಕಿಯ ಮೇಲಿನ ಒಂದೂವರೆ ಅಡಿಯನ್ನಷ್ಟೇ ಕಾಯುತ್ತದೆ. ನಾಲ್ಕು ಅಡಿ ಎತ್ತರದ ಕಿಟಕಿಯಲ್ಲಿ ಕೆಳಗಿನ ಎರಡೂವರೆ ಅಡಿ ಮಳೆಗೆ ಒಡ್ಡಿಕೊಂಡಂತೆ. ಹಳೆಯ ಸೂರಾದರೆ ಪೂರ್ತಿ ಕಿಟಕಿಯನ್ನು ಕಾಯುತ್ತಿತ್ತು. ಕೊಳೆಯುವುದು ಯಾವಾಗಲೂ ಕೆಳಗಿನ ಅಡ್ಡಪಟ್ಟಿಯೇ ಏಕೆ ಎಂಬುದಕ್ಕೆ ಉತ್ತರ ಈ ಅಳತೆಯಲ್ಲಿದೆ. ಮರ ಮೊದಲಿನಷ್ಟು ಒಳ್ಳೆಯದಲ್ಲ ಎಂಬ ದೂರಿನಲ್ಲಿ ಸತ್ಯವಿದೆ. ಆದರೆ ಒಳ್ಳೆಯ ಮರಕ್ಕೂ ನಾವು ಮೊದಲಿನ ರಕ್ಷಣೆ ಕೊಟ್ಟಿಲ್ಲ.

ಮರ ಹೇಗೆ ಸೋಲುತ್ತದೆ ಎಂಬುದನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಸೋಲಿನ ಕಾರಣ ತಿಳಿದರೆ ಮದ್ದು ತಿಳಿಯುತ್ತದೆ. ಮರ ಗಾಳಿಯಲ್ಲಿನ ತೇವಕ್ಕೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಬೇಸಿಗೆಯಲ್ಲಿ ಅದರೊಳಗಿನ ತೇವಾಂಶ ನೂರಕ್ಕೆ ಹನ್ನೊಂದು ಹನ್ನೆರಡರಷ್ಟಿದ್ದರೆ ಜುಲೈಯಲ್ಲಿ ಹತ್ತೊಂಬತ್ತು ಇಪ್ಪತ್ತಕ್ಕೆ ಏರುತ್ತದೆ. ಉದ್ದದಲ್ಲಿ ಮರ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಹಿಗ್ಗುವುದು ಅಗಲದಲ್ಲಿ. ಕುಗ್ಗುಹಿಗ್ಗು ಕಡಿಮೆ ಎಂದು ಹೆಸರಾದ ತೇಗವೂ ತೇವಾಂಶ ಎಂಟು ಅಂಶ ಏರಿದರೆ, ಸೀಳಿದ ದಿಕ್ಕನ್ನು ಅವಲಂಬಿಸಿ, ಮೂರು ಇಂಚಿನ ಪಟ್ಟಿಯಲ್ಲಿ ಒಂದು ಮಿಲಿಮೀಟರಿಗೆ ತುಸು ಹೆಚ್ಚು ಅಗಲವಾಗಬಲ್ಲದು. ಜೋಡಿ ಬಾಗಿಲಿನ ಕಿಟಕಿಯಲ್ಲಿ ಅಂಥ ನಿಲುವುಪಟ್ಟಿಗಳು ನಾಲ್ಕು. ಒಟ್ಟು ನಾಲ್ಕೈದು ಮಿಲಿಮೀಟರ್ ಆಯಿತು. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲು ಆಟಿಯಲ್ಲಿ ಹಾಕಲು ಬಾರದಿರುವುದು ಇದರಿಂದ. ಈ ಅಂತರವನ್ನು ಮೊದಲೇ ಬಿಟ್ಟು ಕೂರಿಸುವುದು ಆಚಾರಿಯ ಕಸುಬಿನ ಭಾಗ. ಕೊಳೆತದ ಕತೆ ಬೇರೆ. ಕೊಳೆಯಿಸುವ ಶಿಲೀಂಧ್ರಕ್ಕೆ ಮರದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ತೇವಾಂಶ ಸತತವಾಗಿ ಬೇಕು. ಬರಿಯ ತೇವದ ಗಾಳಿಯಿಂದ ಅಷ್ಟು ಕಷ್ಟ. ನೀರು ನಿಂತರೆ ಮಾತ್ರ ಸಾಧ್ಯ. ಗಾಜಿನ ಕೆಳಗೆ ಪಟ್ಟಿ ಹೊಡೆದ ಸಂದಿನಲ್ಲಿ, ಬಣ್ಣ ತಾಗದ ಕೊಯ್ದ ತುದಿಗಳಲ್ಲಿ, ಇಳಿಜಾರಿಲ್ಲದ ಕೆಳದಾರಂದದ ಮೇಲೆ ನೀರು ನಿಲ್ಲುತ್ತದೆ. ಕೆಳದಾರಂದಕ್ಕೆ ಹೊರಗಡೆ ಇಳಿಜಾರು, ಬಾಗಿಲಿನ ಕೆಳಪಟ್ಟಿಯ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳುವಂತೆ ಒಂದು ಚಡಿ, ಕೊಯ್ದ ತುದಿಗಳಿಗೆ ಜೋಡಿಸುವ ಮುನ್ನವೇ ಬಣ್ಣ: ಈ ಮೂರಕ್ಕೆ ಹೆಚ್ಚಿನ ಖರ್ಚಿಲ್ಲ, ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಇವುಗಳ ಬೆಲೆ ಗೊತ್ತಾಗುತ್ತದೆ.

ಇನ್ನು, ಮರ ಎಂಬುದು ಒಂದೇ ವಸ್ತುವಲ್ಲ. ನಮ್ಮ ಹಳೆಯ ಮನೆಗಳಲ್ಲಿ ಕಾಣುವ ಕಿರಾಲಬೋಗಿ, ಹೆಬ್ಬಲಸು, ಬೀಟೆ, ಹಳೆಯ ತೇಗ ಕಾಡಿನಿಂದ ಬಂದವು. ಆ ಬಾಗಿಲು ಮುಚ್ಚಿದೆ, ಮುಚ್ಚಬೇಕಾದದ್ದೇ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದ ಬಳಿಕ ಕಾಡಿನ ಮರ ಕಡಿಯುವುದಕ್ಕೂ ಮರದ ಮಿಲ್ಲುಗಳಿಗೂ ದೇಶದಾದ್ಯಂತ ಬಿಗಿ ಬಂತು. ಈಗ ಸಿಗುವುದು ತೋಟದ ಹಲಸು, ತೋಟದ ಬದಿಯಲ್ಲಿ ಬೆಳೆಸಿದ ತೇಗ, ಮಹಾಗನಿ, ಅಕೇಶಿಯ, ಮತ್ತು ಹೊಸಮಂಗಳೂರು ಬಂದರಿನ ದಾರಿಯಾಗಿ ಬರುವ ಹೊರದೇಶದ ದಿಮ್ಮಿ. ಇವುಗಳಲ್ಲಿ ಜಾತಿಗಿಂತಲೂ ಮೊದಲು ನೋಡಬೇಕಾದದ್ದು ಕೆಚ್ಚು ಎಷ್ಟಿದೆ ಎಂಬುದನ್ನು. ಒರಲೆಯಾಗಲಿ ಕೊರೆಯುವ ಹುಳುವಾಗಲಿ ಮೊದಲು ಹಿಡಿಯುವುದು ಹೊರಸುತ್ತಿನ ಬಿಳಿ ಭಾಗವನ್ನು. ಯಾವ ಮರದ ಬಿಳಿ ಭಾಗವೂ ಬಾಳಿಕೆಯದ್ದಲ್ಲ. ಇಪ್ಪತ್ತು ವರ್ಷದ ತೋಟದ ತೇಗದಲ್ಲಿ ಬಿಳಿ ಭಾಗದ ಪಾಲು ದೊಡ್ಡದು, ಆದ್ದರಿಂದ ತೇಗ ಎಂಬ ಹೆಸರು ನೋಡಿ ದುಡ್ಡು ಕೊಟ್ಟವರು ಮೋಸ ಹೋಗುತ್ತಾರೆ. ಬಲಿತ ಹಲಸಿನ ಹಳದಿ ಕೆಚ್ಚು ಅಂಥ ಎಳೆ ತೇಗಕ್ಕಿಂತ ಎಷ್ಟೋ ಮೇಲು. ಸುಳ್ಯ, ಕಡಬಗಳಲ್ಲಿ ಧಾರಾಳವಾಗಿ ಸಿಗುವ ರಬ್ಬರ್ ಮರ ಕಿಟಕಿಗೆ ಆಗದು. ಅದರಲ್ಲಿ ಪಿಷ್ಟ ಹೆಚ್ಚು, ಹುಳುವಿಗೂ ಬೂಸ್ಟಿಗೂ ಆಹ್ವಾನ. ಔಷಧ ಹೊಡೆದ ರಬ್ಬರ್ ಮರ ಒಳಗಿನ ಪೀಠೋಪಕರಣಕ್ಕೆ ಸಾಕು, ಮಳೆಗೆ ಸಲ್ಲದು. ಅಕೇಶಿಯದ ಕೆಚ್ಚು ಗಟ್ಟಿ, ಆದರೆ ಹಸಿಯಿದ್ದಾಗ ಕೂರಿಸಿದರೆ ಸೊಟ್ಟಗಾಗುತ್ತದೆ. ಒಣಗಿಸುವ ವಿಷಯದಲ್ಲಿ ಭಾರತೀಯ ಮಾನಕ ಐಎಸ್ 287 ದೇಶವನ್ನು ತೇವದ ಪ್ರಕಾರ ನಾಲ್ಕು ವಲಯಗಳಾಗಿ ವಿಂಗಡಿಸುತ್ತದೆ. ಕರಾವಳಿ ಅತಿ ತೇವದ ವಲಯದಲ್ಲಿ ಬರುತ್ತದೆ. ಇಲ್ಲಿ ಕೂಡ ಕಿಟಕಿಯ ಮರ ನೂರಕ್ಕೆ ಹದಿನಾರರ ಆಸುಪಾಸಿಗೆ ಒಣಗಿರಬೇಕು. ಕೊಯ್ದ ಹಲಗೆಯನ್ನು ನಡುವೆ ಪಟ್ಟಿಯಿಟ್ಟು ನೆರಳಲ್ಲಿ ಪೇರಿಸಿ ಒಂದು ಬೇಸಿಗೆ ಕಾಯಿಸುವ ತಾಳ್ಮೆ ಇಲ್ಲದವರು ಮರದ ಮೇಲೆ ದೂರು ಹೇಳುವಂತಿಲ್ಲ.

ಈಗ ಯುಪಿವಿಸಿಯ ಕಡೆಗೆ. ಪಿವಿಸಿಯ ತೂಕದಲ್ಲಿ ನೂರಕ್ಕೆ ಐವತ್ತೇಳರಷ್ಟು ಕ್ಲೋರಿನ್. ಅದು ಉಪ್ಪಿನಿಂದ ಬರುತ್ತದೆ, ಉಳಿದದ್ದು ತೈಲ ಅಥವಾ ಅನಿಲದಿಂದ. ಮೆತ್ತಗಾಗಿಸುವ ರಾಸಾಯನಿಕ ಸೇರಿಸದೆ ಗಟ್ಟಿಯಾಗಿ ಉಳಿಸಿದ್ದೇ ಯುಪಿವಿಸಿ. ಬಿಸಿಲಿಗೆ ಹಳದಿಯಾಗದಂತೆ ಟೈಟಾನಿಯಂ ಡೈಆಕ್ಸೈಡ್ ಬೆರೆಸುತ್ತಾರೆ. ಟೊಳ್ಳು ಕೊಳವೆಯೊಳಗೆ ಬಲಕ್ಕೆ ಸತು ಲೇಪಿಸಿದ ಉಕ್ಕಿನ ಪಟ್ಟಿ ಇರುತ್ತದೆ. ಮೂಲೆಗಳನ್ನು ಕರಗಿಸಿ ಬೆಸೆಯುತ್ತಾರೆ. ಇದರ ಗುಣಗಳನ್ನು ಕಡೆಗಣಿಸುವುದು ನ್ಯಾಯವಲ್ಲ. ನೀರು ಕುಡಿಯದು, ಉಬ್ಬದು, ಒರಲೆ ತಿನ್ನದು, ಬಣ್ಣ ಬೇಡ. ಒಳ್ಳೆಯ ರಬ್ಬರ್ ಪಟ್ಟಿಯಿದ್ದರೆ ಧೂಳು, ಸದ್ದು ಬಹಳ ಮಟ್ಟಿಗೆ ಹೊರಗೇ ಉಳಿಯುತ್ತವೆ. ಮಾಣಿಯಿಂದ ಪುತ್ತೂರು, ಸುಳ್ಯ ದಾಟಿ ಮಡಿಕೇರಿಗೆ ಏರುವ ರಾಷ್ಟ್ರೀಯ ಹೆದ್ದಾರಿ 275ರ ಬದಿಯ ಮನೆಗೆ ಇದು ಸಣ್ಣ ಸೌಲಭ್ಯವಲ್ಲ. ಸ್ನಾನದ ಕೋಣೆ, ಶೌಚಾಲಯದ ಸಣ್ಣ ಕಿಂಡಿಗೆ ಮರ ಹಾಕಬೇಕೆಂದು ಇಂದು ಯಾರೂ ವಾದಿಸಲಾರರು. ಪಡುವಣಕ್ಕೆ ಮುಖ ಮಾಡಿದ, ಮೇಲೆ ಸೂರಿಲ್ಲದ ಎರಡನೆಯ ಮಾಳಿಗೆಯ ಗೋಡೆಯಲ್ಲಿ ಮರ ಎಷ್ಟು ಒಳ್ಳೆಯದಾದರೂ ಎರಡು ವರ್ಷಕ್ಕೊಮ್ಮೆ ಬಣ್ಣ ಬೇಡುತ್ತದೆ. ಅಲ್ಲಿಗೆ ಏಣಿಯಿಟ್ಟು ಏರುವವರು ಸಿಗುವುದಿಲ್ಲ. ಅಂಥ ಜಾಗದಲ್ಲಿ ಯುಪಿವಿಸಿಯೇ ಗೆಲ್ಲುತ್ತದೆ.

ಆದರೆ ಮತ್ತೆ ತಲೆಬಿಸಿ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಮರ ನೀರಿಗೆ ಅಗಲದಲ್ಲಿ ಹಿಗ್ಗಿದರೆ ಪ್ಲಾಸ್ಟಿಕ್ ಬಿಸಿಲಿಗೆ ಉದ್ದದಲ್ಲಿ ಹಿಗ್ಗುತ್ತದೆ. ಒಂದೂವರೆ ಮೀಟರ್ ಉದ್ದದ ಪಟ್ಟಿ ಮೂವತ್ತು ಡಿಗ್ರಿ ಬಿಸಿಯೇರಿದರೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಮರದ ಬಣ್ಣದ ಹಾಳೆ ಅಂಟಿಸಿದ ಕಂದು ಪಟ್ಟಿ ಬಿಳಿಯದಕ್ಕಿಂತ ಬೇಗ ಕಾಯುತ್ತದೆ. ಅದಕ್ಕಾಗಿಯೇ ಗೋಡೆಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟು ನೊರೆ ಮತ್ತು ಸಿಲಿಕೋನ್ ತುಂಬುತ್ತಾರೆ. ಇಡೀ ಕಿಟಕಿಯಲ್ಲಿ ಮೊದಲು ಸೋಲುವುದು ಈ ಸಿಲಿಕೋನ್ ಅಂಚು. ಅದು ಬಿಟ್ಟುಕೊಂಡರೆ ನೀರು ನೇರವಾಗಿ ಮುರಕಲ್ಲಿನ ಗೋಡೆಯೊಳಗೆ ಇಳಿಯುತ್ತದೆ, ಕಿಟಕಿ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಜಾರುವ ಕಿಟಕಿಯ ಹಳಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಕೆಂಪುಮಣ್ಣಿನ ಧೂಳು, ತರಗೆಲೆ, ಮಣ್ಣುಗೂಡು ಕಟ್ಟುವ ಕಣಜಗಳು ಅವನ್ನು ಮುಚ್ಚಿದರೆ ಹಳಿ ತುಂಬಿ ನೀರು ಒಳಕ್ಕೆ ಬರುತ್ತದೆ. ಜಾರುವ ಕಿಟಕಿ ಸಾಮಾನ್ಯವಾಗಿ ಅರ್ಧ ಮಾತ್ರ ತೆರೆಯುತ್ತದೆ ಎಂಬುದು ಇನ್ನೊಂದು ಮಿತಿ. ಗಾಳಿಯೇ ಮುಖ್ಯವಾದ ಊರಲ್ಲಿ ಇದು ದೊಡ್ಡ ನಷ್ಟ. ತಿರುಗುವ ಬಾಗಿಲಿನ ಮಾದರಿ ಕೇಳಿ ಹಾಕಿಸಿಕೊಳ್ಳಬೇಕು. ಯುರೋಪಿನ ಮಾನಕದಲ್ಲಿ ಬಿಸಿಲಿನ ತೀವ್ರತೆಗೆ ತಕ್ಕಂತೆ ಸಾಧಾರಣ, ತೀವ್ರ ಎಂದು ಎರಡು ಹವಾಮಾನ ವರ್ಗಗಳಿವೆ. ನಮ್ಮ ಬಿಸಿಲು ನಿಸ್ಸಂದೇಹವಾಗಿ ತೀವ್ರ ವರ್ಗದ್ದು. ಹೊರಗೋಡೆಯ ದಪ್ಪಕ್ಕೂ ಅಲ್ಲಿ ವರ್ಗಗಳಿವೆ. ಮೇಲಿನ ವರ್ಗಕ್ಕೆ 2.8 ಮಿಲಿಮೀಟರ್, ಎರಡನೆಯದಕ್ಕೆ 2.5, ಮೂರನೆಯದಕ್ಕೆ ಮಿತಿಯೇ ಇಲ್ಲ. ಚದರ ಅಡಿಯ ದರವನ್ನಷ್ಟೇ ಕೇಳುವವರಿಗೆ ಸಿಗುವುದು ಸಾಮಾನ್ಯವಾಗಿ ಈ ಮೂರನೆಯದು, ಒಳಗೆ ತೆಳು ಉಕ್ಕಿನೊಂದಿಗೆ.

ಬದಲಿಸುವ ಕೆಲಸದಲ್ಲಿ ಹೊಸ ಮನೆಗಿಲ್ಲದ ಒಂದು ತೊಡಕಿದೆ. ನಮ್ಮ ಮರದ ಕಿಟಕಿಗಳಲ್ಲಿ ಕಬ್ಬಿಣದ ಸರಳುಗಳು ದಾರಂದದ ತೂತುಗಳ ಮೂಲಕವೇ ಹಾದಿರುತ್ತವೆ. ಅಂದರೆ ದಾರಂದ ಒಂದೇ ಹೊತ್ತಿಗೆ ಬಾಗಿಲಿಗೆ ಆಧಾರ, ಕಳ್ಳರಿಗೂ ಮಂಗಗಳಿಗೂ ತಡೆ. ಗೋಡೆ ಕಟ್ಟುವಾಗಲೇ ಕಬ್ಬಿಣದ ಹಿಡಿಗಳಿಂದ ಅದನ್ನು ಕಲ್ಲಿಗೆ ಬಿಗಿದಿರುತ್ತಾರೆ. ಕಿತ್ತರೆ ಗಾರೆ ಒಡೆಯುತ್ತದೆ, ಮುರಕಲ್ಲಿನ ಅಂಚು ಉದುರುತ್ತದೆ, ಸರಳೂ ಹೋಗುತ್ತದೆ. ಯುಪಿವಿಸಿ ಚೌಕಟ್ಟಿಗೆ ಅಂಥ ಸರಳು ಹೊರುವ ಶಕ್ತಿಯಿಲ್ಲ. ಗೋಡೆಗೆ ಪ್ರತ್ಯೇಕ ಗ್ರಿಲ್ ಬಿಗಿಯಬೇಕು. ಗಾರೆ, ಬಣ್ಣ, ಗ್ರಿಲ್ ಈ ಮೂರೂ ಅಂಗಡಿಯ ಚೀಟಿಯಲ್ಲಿ ಇರುವುದಿಲ್ಲ. ಇನ್ನೊಂದೆಡೆ, ಹಾಳಾಗಿರುವುದು ಏನು ಎಂದು ಚಾಣದ ತುದಿಯಿಂದ ಕುಟ್ಟಿ ಪರೀಕ್ಷಿಸಿದರೆ ಬಹಳ ಮನೆಗಳಲ್ಲಿ ದಾರಂದದ ಕೆಚ್ಚು ಗಟ್ಟಿಯಾಗಿಯೇ ಇರುತ್ತದೆ. ಕೊಳೆತದ್ದು ಒಂದೂಕಾಲು ಇಂಚು ದಪ್ಪದ ಬಾಗಿಲಿನ ಕೆಳಪಟ್ಟಿ. ತುಕ್ಕು ಹಿಡಿದದ್ದು ಬಿಜಾಗ್ರಿ. ಸರಳಿನ ಬುಡದಲ್ಲಿ ತುಕ್ಕು ಉಬ್ಬಿ ಕೆಳದಾರಂದ ಸೀಳಿದ್ದರೆ ಆ ಒಂದು ತುಂಡನ್ನು ಮಾತ್ರ ಕತ್ತರಿಸಿ ಹೊಸ ಮರ ಸೇರಿಸಬಹುದು. ಮರದ ಕಿಟಕಿಯ ದೊಡ್ಡ ಗುಣ ಇದು: ಭಾಗಭಾಗವಾಗಿ ಬದಲಿಸಬಹುದು. ಯುಪಿವಿಸಿಯ ಬೆಸೆದ ಮೂಲೆ ಬಿರುಕುಬಿಟ್ಟರೆ ಆ ಚೌಕಟ್ಟೇ ಹೋದಂತೆ. ಚಕ್ರ, ಹಿಡಿ, ರಬ್ಬರ್ ಪಟ್ಟಿಗಳು ಆಯಾ ಕಂಪೆನಿಯ ಮಾದರಿಗೆ ತಕ್ಕವು, ಮಾದರಿ ನಿಂತರೆ ಹೊಂದುವ ಭಾಗ ಹುಡುಕುತ್ತ ಮಂಗಳೂರಿಗೆ ಓಡಬೇಕು.

ಖರ್ಚಿನ ಮಾತು ಬಂದಾಗ ಗೊಂದಲ ಹುಟ್ಟುವುದು ಅಳತೆಯಿಂದ. ಯುಪಿವಿಸಿಯ ದರ ಚದರ ಅಡಿಗೆ, ಮರದ್ದು ಘನ ಅಡಿಗೆ. ನಾಲ್ಕಡಿ ಚೌಕದ ಒಂದು ಕಿಟಕಿಗೆ ನಾಲ್ಕು ಇಂಚು, ಮೂರು ಇಂಚಿನ ದಾರಂದ ಹಾಕಿ ನಡುವೆ ಒಂದು ಕಂಬ ಕೊಟ್ಟರೆ ಇಪ್ಪತ್ತು ಅಡಿ ಉದ್ದ, ಅಂದರೆ ಸುಮಾರು 1.7 ಘನ ಅಡಿ ಮರ ಬೇಕು. ಎರಡು ಬಾಗಿಲಿನ ಪಟ್ಟಿಗಳಿಗೆ 0.6 ಘನ ಅಡಿ. ಹೀಗಾಗಿ ಕಿಟಕಿಯ ಮರದಲ್ಲಿ ಮುಕ್ಕಾಲು ಪಾಲು ದಾರಂದದ್ದು, ಕಾಲು ಪಾಲು ಮಾತ್ರ ಬಾಗಿಲಿನದ್ದು. ಹನ್ನೆರಡು ಕಿಟಕಿಯ ಮನೆಯಲ್ಲಿ ದಾರಂದ ಉಳಿಸಿಕೊಂಡು ಬಾಗಿಲು ಮಾತ್ರ ಬದಲಿಸಿದರೆ ಕೊಯ್ದ ಮರ ಏಳೆಂಟು ಘನ ಅಡಿ ಸಾಕು. ಸುತ್ತಳತೆ ಐದು ಅಡಿ, ಉದ್ದ ಹನ್ನೆರಡು ಅಡಿ ಇರುವ ಒಂದೇ ಹಲಸಿನ ದಿಮ್ಮಿಯಲ್ಲಿ, ಬಿಳಿ ಭಾಗ ಕಳೆದರೂ, ಅಷ್ಟು ಸಿಗುತ್ತದೆ. ಎಲ್ಲವನ್ನೂ ಹೊಸದು ಮಾಡುವುದಾದರೆ ಅಂಥ ಮೂರ್ನಾಲ್ಕು ದಿಮ್ಮಿ ಬೇಕಾಗುತ್ತದೆ. ಪೇಟೆಯಿಂದ ಮರ ಕೊಂಡು, ಕೂಲಿ ಕೊಟ್ಟು, ಗಾಜು ಹಾಕಿ, ಪಾಲಿಶ್ ಮಾಡಿಸಿ ಪೂರ್ತಿ ಹೊಸ ಕಿಟಕಿ ಮಾಡಿಸುವವರಿಗೆ ಯುಪಿವಿಸಿ ಅಗ್ಗವಾಗಿ ಕಾಣುವುದು ಸಹಜ, ಹಲವು ಬಾರಿ ನಿಜವೂ ಹೌದು. ತೋಟದಲ್ಲಿ ಸ್ವಂತ ಮರವಿರುವವರಿಗೆ, ಬಾಗಿಲು ಮಾತ್ರ ಬದಲಿಸುವವರಿಗೆ ಈ ಲೆಕ್ಕ ತಿರುಗುತ್ತದೆ.

ಸ್ವಂತ ಮರ ಎಂದಾಗ ಕಾನೂನಿನ ಮಾತೂ ಹೇಳಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಪಟ್ಟಾ ಜಾಗದ ಮರ ಕಡಿಯಲೂ ಅನುಮತಿ ಬೇಕು; ಅಡಿಕೆ, ತೆಂಗು, ರಬ್ಬರ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ತೇಗ, ಬೀಟೆಗಳಿಗೆ ಸಾಗಾಟದ ಪಾಸೂ ಬೇಕು. ವರ್ಗ ಜಾಗದ ಮರ, ಕುಮ್ಕಿಯ ಮರ ಎರಡೂ ಒಂದಲ್ಲ. ಕುಮ್ಕಿಯ ಒಡೆತನ ಸರಕಾರದ್ದು. ಪುತ್ತೂರು, ಸುಳ್ಯ, ಪಂಜ, ಸುಬ್ರಹ್ಮಣ್ಯ ವಲಯ ಅರಣ್ಯ ಕಚೇರಿಗಳಲ್ಲಿ ಮೊದಲೇ ವಿಚಾರಿಸಿ ಅರ್ಜಿ ಕೊಡುವುದು ಕ್ಷೇಮ. ಈ ಓಡಾಟಕ್ಕೆ ಬೇಸತ್ತು ಯುಪಿವಿಸಿಗೆ ಹೋದವರು ಕಡಿಮೆಯಲ್ಲ. ಅವರ ಬೇಸರ ಅರ್ಥವಾಗುತ್ತದೆ. ಆದರೆ ಗಾಳಿಗೆ ಬಿದ್ದ ಮರ, ಮಾಡು ಬಿಚ್ಚಿದಾಗ ಸಿಗುವ ಹಳೆಯ ಪಕ್ಕಾಸು, ಜಂತಿ, ಹಳೆಯ ಬಾಗಿಲು ಇವೂ ಮರವೇ. ಐವತ್ತು ವರ್ಷ ಒಣಗಿದ ಪಕ್ಕಾಸಿನಷ್ಟು ಸ್ಥಿರವಾದ ಮರ ಯಾವ ಮಿಲ್ಲಿನಲ್ಲೂ ಸಿಗದು. ಕಿಟಕಿ ಬಾಗಿಲಿನ ಪಟ್ಟಿಗೆ ಅದರ ಗಾತ್ರ ಸರಿಯಾಗಿಯೇ ಇದೆ.

ಆಕ್ಷೇಪಗಳಲ್ಲಿ ಬಲವಾದದ್ದು ಆರೈಕೆಯದ್ದು. ಮಕ್ಕಳು ಬೆಂಗಳೂರಲ್ಲೋ ಗಲ್ಫಿನಲ್ಲೋ ಇರುವ, ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಯಲ್ಲಿ ಮರಕ್ಕೆ ಎಣ್ಣೆ ಹಚ್ಚುವವರು ಯಾರು? ಆಚಾರಿಗಳ ಮಕ್ಕಳು ಬೇರೆ ಕೆಲಸಕ್ಕೆ ಹೋದ ಮೇಲೆ ಒಂದು ಬಾಗಿಲು ಸವರಿಸಲೂ ತಿಂಗಳು ಕಾಯಬೇಕಲ್ಲ? ಇದನ್ನು ತಳ್ಳಿಹಾಕುವಂತಿಲ್ಲ. ಅಂಥ ಮನೆಯಲ್ಲಿ ಮಳೆಗೆ ಒಡ್ಡಿದ ಗೋಡೆಗಳಿಗೆ ಯುಪಿವಿಸಿ ಹಾಕುವುದು ವಿವೇಕವೇ. ಆದರೆ ಆರೈಕೆಯ ಹೊರೆ ಎಲ್ಲ ಕಿಟಕಿಗೂ ಸಮನಲ್ಲ. ಸಿಟೌಟಿನ ಒಳಗೆ, ಅಗಲ ಸೂರಿನ ಕೆಳಗೆ ಇರುವ ಮರದ ಕಿಟಕಿ ಹತ್ತು ವರ್ಷ ಬಣ್ಣ ಬೇಡದೆ ಇರಬಲ್ಲದು. ಹೊರೆ ಹೆಚ್ಚಾಗಲು ಇನ್ನೊಂದು ಕಾರಣ ಹೊಳಪಿನ ವಾರ್ನಿಶ್ ಮೇಲಿನ ಮೋಹ. ಬಿಸಿಲು ವಾರ್ನಿಶನ್ನು ದಾಟಿ ಮರದ ಮೈಯನ್ನು ಸುಡುತ್ತದೆ, ಪೊರೆ ಸುಲಿದುಬರುತ್ತದೆ, ಸುಲಿದ ಜಾಗದಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ಹೊರಮುಖಕ್ಕೆ ಬಣ್ಣವೋ ಹೀರಿಕೊಳ್ಳುವ ಎಣ್ಣೆಯೋ ಉತ್ತಮ. ಒರಲೆಯ ಭಯಕ್ಕೂ ಸ್ಥಳೀಯ ಉತ್ತರವಿದೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮರಕ್ಕೆ ಹಚ್ಚುವುದು ಇಲ್ಲಿ ಹಳೆಯ ರೂಢಿ. ರಾಷ್ಟ್ರಮಟ್ಟದ ಗೇರು ಸಂಶೋಧನಾ ನಿರ್ದೇಶನಾಲಯ ಇರುವುದೂ ಪುತ್ತೂರಿನಲ್ಲೇ. ಕೈಗೆ ತಾಗಿದರೆ ಸುಡುವ ಆ ಎಣ್ಣೆಯನ್ನು ಎಚ್ಚರದಿಂದ, ಗೋಡೆಗೆ ತಾಗುವ ಹಿಂಬದಿಗೆ ಕೂರಿಸುವ ಮುನ್ನ ಹಚ್ಚಬೇಕು. ಒರಲೆ ಬರುವುದು ಆ ಬದಿಯಿಂದಲೇ. ಡೆಂಗಿಯ ಕಾಲದಲ್ಲಿ ಸೊಳ್ಳೆಪರದೆ ಯುಪಿವಿಸಿಯಲ್ಲಿ ಜೊತೆಗೇ ಬರುತ್ತದೆ ಎಂಬುದು ನಿಜ, ಆದರೆ ಮರದ ದಾರಂದದ ಒಳಮುಖಕ್ಕೂ ಬಲೆಯ ಚೌಕಟ್ಟು ಕೂರಿಸಬಹುದು.

ಮರ ಉಳಿಸಲು ಪ್ಲಾಸ್ಟಿಕ್ ಬಳಸೋಣ ಎಂಬ ಇನ್ನೊಂದು ವಾದವಿದೆ. ಕಾಡಿನ ಮರದ ಕಾಲದಲ್ಲಿ ಅದಕ್ಕೆ ತೂಕವಿತ್ತು. ತೋಟದ ಹಲಸಿನ ವಿಷಯದಲ್ಲಿ ಅದು ತಲೆಕೆಳಗಾಗುತ್ತದೆ. ಮರಕ್ಕೆ ಬೆಲೆ ಇದ್ದರೆ ರೈತ ತೋಟದ ಬದಿಯಲ್ಲಿ ಹಲಸು, ತೇಗ ನೆಡುತ್ತಾನೆ. ಬೆಲೆ ಹೋದರೆ ಆ ಜಾಗಕ್ಕೂ ಅಡಿಕೆ ಬರುತ್ತದೆ. ಕಿಟಕಿಯಾದ ಮರ ತಾನು ಹೀರಿದ ಇಂಗಾಲವನ್ನು ದಶಕಗಳ ಕಾಲ ಹಿಡಿದಿಡುತ್ತದೆ, ಕೊನೆಗೆ ಬಚ್ಚಲ ಒಲೆಗೆ ಸೌದೆಯಾಗುತ್ತದೆ. ಯುಪಿವಿಸಿಯನ್ನು ಮರುಬಳಕೆ ಮಾಡಲು ಸಾಧ್ಯ, ಯುರೋಪಿನಲ್ಲಿ ಮಾಡುತ್ತಾರೆ. ನಮ್ಮ ಗ್ರಾಮ ಪಂಚಾಯತಿನ ಒಣಕಸದ ವ್ಯವಸ್ಥೆ ಬಾಟಲಿ, ತೊಟ್ಟೆ, ರಟ್ಟುಗಳ ಮಟ್ಟದಲ್ಲಿದೆ. ಮೂವತ್ತು ವರ್ಷದ ಬಳಿಕ ಕಿತ್ತ ಚೌಕಟ್ಟುಗಳು ಗುಡ್ಡೆಯ ಬದಿಯಲ್ಲಿ ರಾಶಿಬಿದ್ದು, ಯಾರಾದರೂ ಬೆಂಕಿ ಕೊಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯೂ ಡಯಾಕ್ಸಿನ್ ಎಂಬ ವಿಷವೂ ಹೊರಬರುತ್ತವೆ. ಸೀಸದ ಪ್ರಶ್ನೆಯೂ ಇದೆ: ಪಿವಿಸಿ ಕೊಳವೆಗಳಲ್ಲಿ ಸೀಸದ ಬಳಕೆಯನ್ನು ತಡೆಯಲು ಕೇಂದ್ರ ಸರಕಾರ 2021ರಲ್ಲಿ ನಿಯಮ ತಂದಿತು, ಅದು ಕೊಳವೆಗೆ ಸಂಬಂಧಿಸಿದ್ದು. ಕಿಟಕಿ ಕೊಳ್ಳುವವರು ಸೀಸವಿಲ್ಲದ ಪಟ್ಟಿಯೇ ಎಂದು ತಾವೇ ಕೇಳಿ ಬರವಣಿಗೆಯಲ್ಲಿ ಪಡೆಯಬೇಕು.

ಮರ, ಯುಪಿವಿಸಿ ಬಿಟ್ಟರೆ ಬೇರೆ ಆಯ್ಕೆಗಳೂ ಇವೆ. ಸಿಮೆಂಟಿನ ದಾರಂದಕ್ಕೆ ಮರದ ಬಾಗಿಲು ಕೂರಿಸುವುದು ಇಲ್ಲಿ ಬಹುಕಾಲದ ಮಿತವ್ಯಯದ ದಾರಿ. ಒರಲೆಗೆ ದಾರಂದ ಸಿಗದು, ಬಾಗಿಲನ್ನು ಬೇಕಾದಾಗ ಬದಲಿಸಬಹುದು. ಒಳಗಿನ ಕಂಬಿ ತುಕ್ಕು ಹಿಡಿದರೆ ಮಾತ್ರ ಅದು ಸೀಳುತ್ತದೆ. ಬಣ್ಣ ಕಾಯಿಸಿ ಲೇಪಿಸಿದ ಅಲ್ಯೂಮಿನಿಯಂ, ಯುಪಿವಿಸಿಗಿಂತ ತೆಳುವಾಗಿದ್ದೂ ಗಟ್ಟಿ. ಶಾಖದ ಚಿಂತೆ ಇಲ್ಲದ ನಮ್ಮಲ್ಲಿ ಅದರ ಮುಖ್ಯ ದೋಷ ಮುಖ್ಯವಾಗುವುದಿಲ್ಲ. ಸತು ಲೇಪಿಸಿದ ಉಕ್ಕಿನ ಕಿಟಕಿಗಳಲ್ಲಿ ಗ್ರಿಲ್ ಕೂಡಿಯೇ ಬರುವುದರಿಂದ ಪೂರ್ತಿ ಕೀಳಲೇಬೇಕಾದ ಕಡೆ ಅವು ಯುಪಿವಿಸಿಗೆ ನೇರ ಸ್ಪರ್ಧಿ; ಬೆಸುಗೆಯ ಜಾಗದಲ್ಲಿ ಲೇಪ ಹೋಗಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಇಷ್ಟನ್ನೂ ಕೂಡಿಸಿ ನೋಡಿದರೆ ತೀರ್ಮಾನ ಮನೆಗೊಂದಾಗಿ ಬರುವುದಿಲ್ಲ, ಗೋಡೆಗೊಂದಾಗಿ ಬರುತ್ತದೆ. ಮೊದಲ ಖರ್ಚು ಕಿಟಕಿಯ ಮೇಲಲ್ಲ, ಅದರ ಮೇಲಿನ ನೆರಳಿನ ಮೇಲೆ. ತಾರಸಿಗೆ ಶೀಟಿನ ಮಾಡು ಹೊದಿಸುವ ಅಭ್ಯಾಸ ಈಗ ಹೇಗೂ ಇದೆ. ಅದೇ ಮಾಡನ್ನು ಪಡು ಮತ್ತು ತೆಂಕು ಬದಿಗೆ ಮೂರು ಅಡಿ ಮುಂದೆ ಚಾಚಿದರೆ, ಕೆಳಗಿನ ಮಾಳಿಗೆಯ ಸಜ್ಜಗಳಿಗೂ ಶೀಟಿನ ಮುಂಚಾಚು ಕೊಟ್ಟರೆ, ಹಳೆಯ ಸೂರು ಮಾಡುತ್ತಿದ್ದ ಕೆಲಸದ ಬಹುಪಾಲು ಮರಳಿ ಸಿಗುತ್ತದೆ. ಗೋಡೆಯೂ ಒಣಗುತ್ತದೆ. ಆಮೇಲೆ ದಾರಂದಗಳನ್ನು ಕುಟ್ಟಿ ನೋಡಿ, ಗಟ್ಟಿಯಿದ್ದವನ್ನು ಉಳಿಸಿ ಬಾಗಿಲು ಮಾತ್ರ ಬದಲಿಸಬೇಕು. ಸೂರಿನ ಕೆಳಗಿನ ಕಿಟಕಿಗಳಿಗೆ ಒಣಗಿದ, ಬಿಳಿ ಭಾಗ ಕಳೆದ ಹಲಸು ಸಾಕು. ನೆರಳು ಕೊಡಲು ಸಾಧ್ಯವೇ ಇಲ್ಲದ ಎತ್ತರದ ಪಡು ಗೋಡೆ, ಸ್ನಾನದ ಕೋಣೆ, ಹೆದ್ದಾರಿಗೆ ಮುಖ ಮಾಡಿದ ಮಲಗುವ ಕೋಣೆ, ಆರೈಕೆಗೆ ಜನವಿಲ್ಲದ ಮಾಳಿಗೆ ಇವು ಯುಪಿವಿಸಿಯ ಜಾಗಗಳು. ಅಲ್ಲಿಯೂ ತಿರುಗುವ ಬಾಗಿಲು, ದಪ್ಪದ ಪಟ್ಟಿ, ಬಿಳಿ ಬಣ್ಣ. ಮುಂಗಡ ಕೊಡುವ ಮುನ್ನ ಆಚಾರಿಗಳಲ್ಲಿ ಮರ ಎಷ್ಟು ಸಮಯ ಒಣಗಿದೆ ಎಂದು ಕೇಳಬೇಕು; ಅಂಗಡಿಯಲ್ಲಿ ಗೋಡೆಯ ದಪ್ಪ ಎಷ್ಟು, ಉಕ್ಕು ಎಷ್ಟು, ಗಾರೆಯ ಕೆಲಸ ಯಾರದು, ಹತ್ತು ವರ್ಷದ ಬಳಿಕ ರಬ್ಬರ್ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಕೇಳಬೇಕು. ಉತ್ತರ ಸಿಗದ ಕಡೆ ದುಡ್ಡು ಕೊಡದಿದ್ದರಾಯಿತು. ವಸ್ತುವಿನ ಮೇಲೆ ನಂಬಿಕೆಯಿಟ್ಟು ನೆರಳನ್ನು ಮರೆತ ಮನೆ ಮರ ಹಾಕಿದರೂ ಸೋಲುತ್ತದೆ, ಪ್ಲಾಸ್ಟಿಕ್ ಹಾಕಿದರೂ ಗೋಡೆಯಲ್ಲಿ ಸೋಲುತ್ತದೆ. ಕಿಟಕಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಮೊದಲ ಪಾಲು ಮಾಡಿನ ಅಂಚಿಗೆ ಹೋದರೆ ಉಳಿದ ಪಾಲು ಯಾವ ವಸ್ತುವಿಗೆ ಹೋದರೂ ಹೆಚ್ಚು ಕಾಲ ಬಾಳುತ್ತದೆ.